ಮಿಸ್ ಅರ್ನೆಸ್ಟೀನ್ ವೋಟು ಹಾಕಲು ಹೋದದ್ದು

ಲಾಂಡ್ರಿ ರೂಮು

ನ್ಯೂಜೆರ್ಸಿಗೆ ಹೋಗಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಮುಖಪರಿಚಯವೂ ಇಲ್ಲದ ಹೆಂಗಸೊಬ್ಬರ ಬಿಳಿ ಬಟ್ಟೆಯನ್ನೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿಸಿದ್ದು.

ತಂಗಿ ಸುಧಾಳಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ಹೋಗಿದ್ದೆ. ಅವಳ ಗಂಡ ಮೂರ್ತಿಯವರು ಪಿಸ್ಕಾಟವೇಯ ಟೆಲಿಕಾಂ ಆಫೀಸೊಂದರಲ್ಲಿದ್ದವರು. ದೊಡ್ಡ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ ಆ ಚಳಿಗಾಲದಲ್ಲಿ ಅವರ ವಿಭಾಗವನ್ನು ಪೂರ್ತಿಯಾಗಿ ಮನೆಗೆ ಕಳಿಸಿದ್ದರು. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕಂಪ್ಯೂಟರಿನ ಮುಂದೆ ಕೂತು ಕೆಲಸಕ್ಕೆ ಅರ್ಜಿ ಹಾಕುವುದೇ ಅವರ ಕೆಲಸ. ಅಡುಗೆಮನೆ ನನ್ನದು, ಕಾರು ಅವರದು ಎಂದು ಹಂಚಿಕೊಂಡೆವು. ಅವರಿದ್ದದ್ದು ಪಿಸ್ಕಾಟವೇಗೆ ತಾಗಿಕೊಂಡ ಒಂದು ಚಿಕ್ಕ ಊರಿನ ಅಪಾರ್ಟ್‌ಮೆಂಟಿನಲ್ಲಿ. ಬಟ್ಟೆ ಒಗೆಯುವ ಮೆಷಿನ್ನುಗಳು ನೆಲಮಾಳಿಗೆಯಲ್ಲಿ, ಎಲ್ಲ ಮನೆಗಳಿಗೂ ಸೇರಿ.

ನಾನು ಇಳಿದು ಹೋದಾಗ ಒಂದು ಮೆಷಿನ್ನಿನ ಮುಚ್ಚಳ ತೆರೆದಿತ್ತು. ಒಳಗೆ ಸೋಪಿನ ನೀರಿನಲ್ಲಿ ನಾಲ್ಕಾರು ಬಟ್ಟೆ ನೆನೆಯುತ್ತಿದ್ದವು. ಅರ್ಧಕ್ಕರ್ಧ ಜಾಗ ಖಾಲಿ. ನಮ್ಮಲ್ಲಿ ಒಂದು ಮನೆಯವರು ಕಲಸಿಟ್ಟ ಸೋಪಿನ ನೀರಿಗೆ ಪಕ್ಕದ ಮನೆಯವರೂ ಎರಡು ಬಟ್ಟೆ ಅದ್ದಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಇಷ್ಟು ಒಳ್ಳೆಯ ನೀರು ಯಾಕೆ ದಂಡವಾಗಬೇಕು ಅಂತ ನನ್ನ ಇಳಕಲ್ ಸೀರೆಯನ್ನೂ ಅದಕ್ಕೇ ಹಾಕಿ ಬಿಟ್ಟೆ. ಹೊಸ ಸೀರೆ. ಕೆಂಪು.

ಬಟ್ಟೆಯ ಒಡತಿ ಬಂದಾಗ ನಾನು ಅಲ್ಲೇ ಇದ್ದೆ. ಎಪ್ಪತ್ತು ದಾಟಿದ, ಎತ್ತರದ ಕಪ್ಪು ಹೆಂಗಸು. ತಲೆಗೆ ರೇಷ್ಮೆ ವಸ್ತ್ರ ಬಿಗಿದುಕೊಂಡಿದ್ದರು. ಮೆಷಿನ್ನಿಗೆ ಕೈ ಹಾಕಿ ತಮ್ಮ ಲಂಗವನ್ನು ಎತ್ತಿದರು. ನನ್ನ ಸೀರೆ ಹಗ್ಗದಂತೆ ಅದಕ್ಕೆ ಸುತ್ತಿಕೊಂಡು ಹಿಂದೆಯೇ ಬಂತು, ಬಂತು, ಬರುತ್ತಲೇ ಇತ್ತು.

"ಇದು ಎಲ್ಲಿಗಾದ್ರೂ ಮುಗಿಯುತ್ತಾ?" ಅಂದರು. ಅವರು ಆಡಿದ್ದು ಇಂಗ್ಲಿಷು, ಅದರಲ್ಲೂ ದಕ್ಷಿಣದವರ ಎಳೆದಾಡುವ ಇಂಗ್ಲಿಷು. ನನ್ನ ಕಿವಿಯಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತಿದೆ, ಹಾಗೇ ಬರೆಯುತ್ತಿದ್ದೇನೆ.

ನಾನು ಕ್ಷಮೆ ಕೇಳಿದೆ. ಅವರು ಗುಲಾಬಿ ಲಂಗವನ್ನು ಬೆಳಕಿಗೆ ಹಿಡಿದು ನೋಡಿದರು.

"ಹನಿ, ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನ ಕೂರಿಸೋ ಕೆಲಸ ನಂದು. ಅದಕ್ಕೆ ಬಿಳಿಯೇ ಹಾಕ್ಬೇಕು. ಈ ಭಾನುವಾರ ಸ್ಟ್ರಾಬೆರಿ ಐಸ್‌ಕ್ರೀಂ ಥರ ಹೋಗಿ ನಿಂತ್ಕೊಳ್ಲಾ?"

ಅಷ್ಟನ್ನೂ ಮೇಲಕ್ಕೆ ಹೊತ್ತುಕೊಂಡು ಹೋದೆ. ಬಾತ್‌ಟಬ್ಬಿನಲ್ಲಿ ಬ್ಲೀಚಿಂಗ್ ಹಾಕಿ ಉಜ್ಜಿ, ಬಾಲ್ಕನಿಯ ಕಂಬಿಯ ಮೇಲೆ ಏಪ್ರಿಲ್ ಬಿಸಿಲಿಗೆ ಹರವಿದೆ. ಸಂಜೆಯೊಳಗೆ ಮ್ಯಾನೇಜರನ ಚೀಟಿ ಬಾಗಿಲಿಗೆ ಬಂತು, ಇಲ್ಲಿ ಬಟ್ಟೆ ಒಣಗಹಾಕುವಂತಿಲ್ಲ ಎಂದು. ಅಷ್ಟರಲ್ಲಿ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಕೊಡಲು ಹೋದಾಗ ಅವರು ಹೊಲಿಗೆ ಹೊಲಿಗೆಯನ್ನೂ ತಿರುವಿ ನೋಡಿದರು. "ಬಾ, ಊಟಕ್ಕೆ ಕೂತ್ಕೋ" ಅಂದರು. ಹೀಗೆ ಮಿಸ್ ಅರ್ನೆಸ್ಟೀನರ ಪರಿಚಯವಾಯಿತು.

ಅಲಸಂದೆ ಮತ್ತು ಅನ್ನ

ಅವರ ಮನೆಯಲ್ಲಿ ಅಡುಗೆಮನೆ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲೇ ಇತ್ತು. ಬಂದು ತಿಂಗಳುಗಳಾಗಿದ್ದರೂ ಟೇಪು ಕಿತ್ತಿರಲಿಲ್ಲ. ಅದೇ ಊರಿನ ಇನ್ನೊಂದು ತುದಿಯಲ್ಲಿ ಅವರಿಗೆ ಸ್ವಂತ ಮನೆಯಿತ್ತು. ಗಂಡನೂ ಅವರೂ ದುಡಿದು ಕೊಂಡದ್ದು. ಗಂಡ ಹೋದ ಮೇಲೆ ಛಾವಣಿ ರಿಪೇರಿಗೆಂದು ಅದರ ಮೇಲೆ ಸಾಲ ತೆಗೆದಿದ್ದರು. ಆ ಚಳಿಗಾಲದಲ್ಲಿ ಮನೆ ಬ್ಯಾಂಕಿನ ಪಾಲಾಯಿತು. ಇಷ್ಟನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಮಾತಿನ ನಡುವೆ "ಮನೆ" ಅಂದಾಗಲೆಲ್ಲ ಆ ಮನೆಯೇ. ಈಗಿರುವುದು ಬರೀ "ಇಲ್ಲಿ".

ಬಡಿಸಿದ್ದು ಅಲಸಂದೆ ಕಾಳು, ಅನ್ನ, ಬೇಯಿಸಿದ ಸೊಪ್ಪು. ನಾನು ಕಾಳನ್ನು ಬೆರಳಲ್ಲಿ ಅದುಮಿ ನೋಡಿ "ಇದು ನಮ್ಮದು" ಅಂದೆ. "ಅಲ್ಲ, ಇದು ನಮ್ಮದು" ಅಂದರು. ಆಮೇಲೆ ಇಬ್ಬರೂ ತಿಂದೆವು. ಒಗ್ಗರಣೆಗೆ ಬೆಳ್ಳುಳ್ಳಿ ಇದ್ದಿದ್ದರೆ ಬಸ್ಸಾರಿನ ಮಗ್ಗುಲಲ್ಲಿ ಇಡಬಹುದಿತ್ತು.

ನಾನು ಟೀಚರು ಎಂದು ತಿಳಿದಾಗಿನಿಂದ ಅವರು ನನ್ನನ್ನು ಟೀಚರ್ ಎಂದೇ ಕರೆದರು. ಅವರ ಹುಟ್ಟೂರು ಸೌತ್ ಕೆರೊಲಿನಾ. ಮುತ್ತಜ್ಜ ಅಲ್ಲಿ ಗುಲಾಮನಾಗಿ ಹುಟ್ಟಿದವನು, ಬಡಗಿ. ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಕಪ್ಪು ಗಂಡಸರಿಗೆ ಮತ ಬಂತು. ಆ ರಾಜ್ಯದಲ್ಲಿ ಅವರ ಸಂಖ್ಯೆಯೇ ಹೆಚ್ಚು, ಹಾಗಾಗಿ ಶಾಸನಸಭೆಯಲ್ಲೂ ಅವರೇ ತುಂಬಿಕೊಂಡರು. ಈ ಬಡಗಿಯೂ ಗೆದ್ದು ಹೋಗಿ ಕೂತ.

"ಹೋಗಿ ಮೊದ್ಲು ಏನು ಮಾಡಿದ್ರು ಗೊತ್ತಾ ಟೀಚರ್? ಶಾಲೆ. ಎಲ್ಲ ಮಕ್ಕಳಿಗೂ ಪುಕ್ಕಟೆ ಶಾಲೆ, ಬಿಳಿಯರ ಮಕ್ಕಳಿಗೂ ಸೇರಿಸಿ. ಅಲ್ಲೀತನಕ ಬಡ ಬಿಳಿಯರ ಮಕ್ಕಳಿಗೂ ಶಾಲೆ ಇರ್ಲಿಲ್ಲ ಅಲ್ಲಿ. ಶಾಲೆ ಬೇಕು ಅಂದ್ರೆ ಜಮೀನಿನ ಮೇಲೆ ತೆರಿಗೆ ಹಾಕ್ಬೇಕು. ಜಮೀನು ಯಾರ ಹತ್ರ?"

"ಬಿಳಿಯರ ಹತ್ರ."

"ಹೂಂ. ಅವರು ಸಭೆ ಸೇರಿದ್ರು. ನಾವು ಬಿಳಿಯರು ಅಂತ ಹೆಸರಿಟ್ಕೊಂಡು ಸೇರ್ಲಿಲ್ಲ. ನಾವು ತೆರಿಗೆದಾರರು ಅಂತ ಹೆಸರಿಟ್ಕೊಂಡ್ರು. ಕರಿಯರು ಸರ್ಕಾರದ ದುಡ್ಡು ಪೋಲು ಮಾಡ್ತಾರೆ, ಲಂಚ ತಿಂತಾರೆ ಅಂತ ಪೇಪರಿನಲ್ಲಿ ಬರೆದ್ರು. ಬರೆದು ಸಾಕಾಗ್ಲಿಲ್ಲ ಅಂತ ಆಮೇಲೆ ಬಂದೂಕು ತಂದ್ರು."

ಮುತ್ತಜ್ಜನ ಮನೆಗೆ ಕುದುರೆ ಮೇಲೆ ಜನ ಬಂದರಂತೆ. ಅವನು ಹಿತ್ತಿಲ ಜೌಗಿನಲ್ಲಿ ಕುತ್ತಿಗೆಯವರೆಗೆ ಇಳಿದು ಬದುಕಿಕೊಂಡ. ಆದರೆ ಶಾಸನಸಭೆಗೆ ಮತ್ತೆ ಹೋಗಲಿಲ್ಲ. ಅವನ ಮೊಮ್ಮಗನ, ಅಂದರೆ ಇವರ ಅಪ್ಪನ ಕಾಲಕ್ಕೆ ಓದುವ ಪರೀಕ್ಷೆ, ಮತ ಹಾಕಲು ತೆರಿಗೆ ಎಂದೆಲ್ಲ ಹೊಸ ಕಾನೂನು ಮಾಡಿ ವೋಟನ್ನೇ ಕಿತ್ತುಕೊಂಡಿದ್ದರು.

"ಇಲ್ಲಿ ಉತ್ತರದಲ್ಲಿ ಹಾಗಿರಲಿಲ್ಲವಲ್ಲ?" ಅಂದೆ.

ಅವರು ನಕ್ಕರು. "ಗುಲಾಮಗಿರಿ ರದ್ದಾಗ್ಲಿ ಅಂತ ತಿದ್ದುಪಡಿ ತಂದಾಗ ಈ ನ್ಯೂಜೆರ್ಸಿ ಮೊದ್ಲು ಏನಂತು ಗೊತ್ತಾ? ಬೇಡ ಅಂತು. ಆಮೇಲೆ ಒಪ್ಕೊಂಡಿದ್ದು. ನಮ್ಮ ಕಡೆಯವರನ್ನ ಬೈಯೋವಾಗ ಇವರಿಗೆ ಇದು ನೆನಪಾಗಲ್ಲ."

ನನಗೆ ನಮ್ಮ ಸೋದರತ್ತೆ ಪುಟ್ಟಮ್ಮ ನೆನಪಾದಳು. ಅವಳ ಕತೆ ಹೇಳಿದೆ. ನರಸೀಪುರದ ಕಡೆ ನಮ್ಮೂರ ಪಂಚಾಯಿತಿ ಅಧ್ಯಕ್ಷ ಸ್ಥಾನ ಮೀಸಲಾಗಿ ನಮ್ಮ ಬೀದಿಯ ಹೆಂಗಸಿಗೆ ಬಂದಾಗ ಪುಟ್ಟಮ್ಮತ್ತೆ ಅಧ್ಯಕ್ಷೆಯಾದಳು. ಆಫೀಸಿನಲ್ಲಿ ಅಧ್ಯಕ್ಷರ ಕುರ್ಚಿ ಇತ್ತು. ಅತ್ತೆ ಅವಧಿ ಮುಗಿಯುವವರೆಗೂ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಉಪಾಧ್ಯಕ್ಷರ ಹೊಲದಲ್ಲೇ ಅವಳ ಕೂಲಿ. "ಕುರ್ಚಿ ಮ್ಯಾಲ ಕೂತ್ರೆ ನಾಳಿಕ್ ಕಳೆ ತೆಗೆಯಕ್ ಯಾರ್ ಕರದಾರು ಮಗ?" ಅನ್ನುತ್ತಿದ್ದಳು. ಅವಳ ಮೇಲೆ ಯಾರೂ ಬಂದೂಕು ತರಲಿಲ್ಲ. ತರುವ ಅಗತ್ಯವೇ ಬೀಳಲಿಲ್ಲ.

ಮಿಸ್ ಅರ್ನೆಸ್ಟೀನ್ ಕೇಳಿಸಿಕೊಂಡು, "ಕುರ್ಚಿಯಲ್ಲಿ ಯಾರು ಕೂತ್ಕೊಳ್ತಿದ್ರು?" ಅಂದರು.

"ಯಾರೂ ಇಲ್ಲ. ಖಾಲಿ ಇರ್ತಿತ್ತು."

"ಅದೊಂದು ವಿಚಿತ್ರ" ಅಂದರು. ಇನ್ನಷ್ಟು ಸೊಪ್ಪು ಹಾಕಿದರು.

ಬೆಲ್‌ರೋಸ್, ಭಾನುವಾರ

ಸುಧಾ ಎದ್ದು ಓಡಾಡುವಂತಾದ ಮೇಲೆ ಮೂರ್ತಿಯವರು ನಮ್ಮನ್ನೆಲ್ಲ ಕ್ವೀನ್ಸ್‌ನ ಬೆಲ್‌ರೋಸ್‌ಗೆ ಕರೆದುಕೊಂಡು ಹೋದರು. ಅಲ್ಲಿನ ಹಿಲ್‌ಸೈಡ್ ಅವೆನ್ಯೂನಲ್ಲಿ ನಮ್ಮ ದಿನಸಿ ಅಂಗಡಿಗಳ ಸಾಲೇ ಇದೆ. ಹತ್ತಿರದಲ್ಲೇ ಅಂಗಡಿಗಳಿದ್ದರೂ ಅಷ್ಟು ದೂರ ಹೋದದ್ದು ಹೋಟೆಲಿನ ಮಸಾಲೆದೋಸೆಗೆ. ಮಸಾಲೆದೋಸೆ ಬಂತು. ಆಲೂಗಡ್ಡೆಯ ಪಲ್ಯದಲ್ಲಿ ಹಸಿರು ಬಟಾಣಿ ಇತ್ತು. ಮೈಸೂರಿನವಳಾದ ನಾನು ಒಂದೊಂದೇ ಬಟಾಣಿ ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುವುದನ್ನು ನೋಡಿ ಸುಧಾಳ ಮಗಳು ಅನನ್ಯಾ "ದೊಡ್ಡಮ್ಮ, ಯು ಆರ್ ಸೋ ಪಿಕಿ" ಅಂದಳು.

ಅಲ್ಲಿ ಮೂರ್ತಿಯವರ ಹಳೆಯ ಪರಿಚಯದ ಅಂಕಲ್ ಒಬ್ಬರು ಸಿಕ್ಕರು. ಬೆಂಗಳೂರಿನ ಕಡೆಯವರು. ಬಂದು ತಲೆ ಹಣ್ಣಾಗುವಷ್ಟು ವರ್ಷವಾಗಿದೆ. ಕೆಲಸ ಹೋದ ವಿಷಯಕ್ಕೆ ಸಮಾಧಾನ ಹೇಳಿ, "ಯಾವ ಏರಿಯಾ ನೀವು ಈಗ? ಓ, ಅಲ್ಲಾ? ಬೇಗ ಶಿಫ್ಟ್ ಮಾಡ್ರೀ ಮೂರ್ತಿ. ಆ ಜನ ಜಾಸ್ತಿ ಆಗ್ತಿದಾರಂತೆ. ಮೊದ್ಲು ಸ್ಕೂಲ್ ಡೌನ್ ಆಗುತ್ತೆ, ಆಮೇಲೆ ಮನೆ ರೇಟು" ಅಂದರು.

ಮೂರ್ತಿಯವರು "ಹೌದು ಅಂಕಲ್, ನೋಡ್ಬೇಕು" ಅಂದರು.

ಆ ಜನ. ಅಂಕಲ್ ಒಳ್ಳೆಯವರೇ, ನಮ್ಮ ಬಿಲ್ಲನ್ನೂ ಅವರೇ ಕೊಟ್ಟರು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಹುಡುಗಿಯರು ಹೈಸ್ಕೂಲಿಗೆ ಸೇರಿದ ವರ್ಷ ಪೇಟೆಯ ಅಂಗಡಿ ಕಟ್ಟೆಯಲ್ಲಿ ಇದೇ ಎರಡು ಪದ ಇದೇ ರಾಗದಲ್ಲಿ ಕೇಳಿದ್ದೆ. ಸುಧಾ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದಳು. ಅವಳೂ ಅದೇ ಬೀದಿಯವಳು.

ಹುಲ್ಲಿನ ಮೇಲೆ ಬೋರ್ಡು

ಆ ವರ್ಷದ ಏಪ್ರಿಲ್‌ನಲ್ಲಿ ನಮ್ಮಲ್ಲಿ ಲೋಕಸಭೆ ಚುನಾವಣೆ. ನನ್ನ ಸರ್ವಿಸಿನ ಉದ್ದಕ್ಕೂ ಒಂದು ಚುನಾವಣೆಯ ಡ್ಯೂಟಿಯನ್ನೂ ತಪ್ಪಿಸಿಕೊಂಡವಳಲ್ಲ. ಮಸ್ಟರಿಂಗಿಗೆ ಹೋಗಿ ಪೆಟ್ಟಿಗೆ ಪಡೆದು, ಲಾರಿ ಹತ್ತಿ, ಗೊತ್ತಿಲ್ಲದ ಊರಿನ ಶಾಲೆಯಲ್ಲಿ ಬೆಂಚಿನ ಮೇಲೆ ಮಲಗಿ, ಅರಗು ಕಾಯಿಸಿ ಸೀಲು ಒತ್ತಿ, ಪಕ್ಷಗಳ ಏಜೆಂಟರ ಜಗಳ ಬಿಡಿಸಿದವಳು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಬಂದ ಮೊದಲ ಚುನಾವಣೆಗೆ ನಾನು ದೇಶದಲ್ಲೇ ಇಲ್ಲ. ಕೈ ಕಡಿಯುತ್ತಿತ್ತು.

ಇಲ್ಲಿಯೂ ಒಂದು ಚುನಾವಣೆ ಇದೆ ಎಂದು ತಿಳಿದದ್ದು ಹುಲ್ಲಿನ ಮೇಲೆ ನೆಟ್ಟ ಬೋರ್ಡುಗಳಿಂದ. "ತೆರಿಗೆದಾರರೇ, ಇಲ್ಲ ಅನ್ನಿ" ಎಂದು ಬರೆದಿತ್ತು. ಮೂರ್ತಿಯವರನ್ನು ಕೇಳಿದೆ.

"ಅದಾ ಅಕ್ಕ? ಸ್ಕೂಲ್ ಬಜೆಟ್ ಎಲೆಕ್ಷನ್. ಪ್ರತಿ ಏಪ್ರಿಲ್ ಇರುತ್ತೆ. ಊರಿನ ಶಾಲೆಗೆ ಎಷ್ಟು ದುಡ್ಡು ಅಂತ ಜನಾನೇ ವೋಟ್ ಮಾಡ್ಬೇಕು. ಯಾರೂ ಹೋಗಲ್ಲ ಬಿಡಿ."

ಹೋಗುವವರು ಕೆಳಗಿನ ಮಹಡಿಯಲ್ಲಿದ್ದರು. ಮಿಸ್ ಅರ್ನೆಸ್ಟೀನ್ ನ್ಯೂಜೆರ್ಸಿಗೆ ಬಂದ ಮೇಲೆ ಒಂದು ಏಪ್ರಿಲ್ಲನ್ನೂ ಬಿಟ್ಟಿಲ್ಲವಂತೆ. "ಪ್ರೆಸಿಡೆಂಟ್ ಎಲೆಕ್ಷನ್ನಿಗೆ ಎಲ್ಲರೂ ಬರ್ತಾರೆ, ಹನಿ. ಹೋದ ನವೆಂಬರ್‌ನಲ್ಲಿ ನಮ್ಮವನೇ ಗೆದ್ದಾಗ ನಾನೂ ಚರ್ಚಿನಲ್ಲಿ ಕುಣಿದಿದ್ದೀನಿ, ಈ ಮಂಡಿ ಇಟ್ಕೊಂಡು. ಆದ್ರೆ ಶಾಲೆ ಎಲೆಕ್ಷನ್ನಿಗೆ ಯಾರು ಬರ್ತಾರೆ? ಆ ಬೋರ್ಡು ನೆಟ್ಟವರು ಬರ್ತಾರೆ. ಅವರ ಮಕ್ಕಳು ಈಗ ಈ ಶಾಲೆಗೆ ಹೋಗಲ್ಲ. ಹೋಗೋರು ಕಪ್ಪು ಮಕ್ಕಳು, ಮೆಕ್ಸಿಕೋದವರು, ನಿಮ್ಮವರು. ಈಗ ನೆನಪಾಗಿದೆ ಇವರಿಗೆ ತಾವು ತೆರಿಗೆದಾರರು ಅಂತ."

ನನ್ನೊಳಗಿನ ಮತಗಟ್ಟೆ ಅಧಿಕಾರಿ ಎದ್ದು ಕೂತಳು. "ನಿಮ್ಮ ಹೆಸರು ಯಾವ ಮತಗಟ್ಟೆಯಲ್ಲಿದೆ?"

"ನನ್ನ ಶಾಲೆಯಲ್ಲಿ. ಮನೆ ಹತ್ರ."

"ಆದರೆ ವಿಳಾಸ ಬದಲಾಗಿದೆಯಲ್ಲ? ತಿದ್ದಿಸಿದ್ದೀರಾ?"

ಅವರು ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ನಾನು ಬಿಡಲಿಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳಿ, ಏನಾದರೂ ದಾಖಲೆ ಇಟ್ಟುಕೊಳ್ಳಿ, ಒಂದಿದ್ದ ಕಡೆ ಎರಡು ಇಟ್ಟುಕೊಳ್ಳಿ ಎಂದು ಹೇಳಿದೆ. ನಮ್ಮಲ್ಲಿ ನೂರು ಸಲ ಹೇಳಿದ ಮಾತು. ಅವರ ಬೆನ್ನು ನೆಟ್ಟಗಾಯಿತು.

"ಮಂಗಳವಾರ ನಾಲ್ಕು ಗಂಟೆಗೆ" ಅಂದರು. "ನಿನ್ನ ಮೂರ್ತಿ ನನ್ನನ್ನ ಕಾರಲ್ಲಿ ಬಿಡ್ತಾನಾ ಕೇಳು. ಬಸ್ಸಿಲ್ಲ."

ಸೋಮವಾರ ಪೋಸ್ಟಿನವನು ಅವರ ಗ್ಯಾಸ್ ಬಿಲ್ಲನ್ನು ತಪ್ಪಾಗಿ ನಮ್ಮ ಡಬ್ಬಿಗೆ ಹಾಕಿದ್ದ. ಮೇಲೆ ಅವರ ಹೆಸರು, ನಮ್ಮ ಬಿಲ್ಡಿಂಗಿನ ವಿಳಾಸ. ಕೊಡೋಣವೆಂದು ಕೈಚೀಲದಲ್ಲಿಟ್ಟುಕೊಂಡೆ.

ಮೊದಲ ಶಾಲೆ

ಮಿಸ್ ಅರ್ನೆಸ್ಟೀನ್ ಚರ್ಚಿನ ಬಿಳಿ ಕೈಗವಸು ಹಾಕಿಕೊಂಡು ಬಂದಿದ್ದರು. ಮೂರ್ತಿಯವರು ಕಾರಿನಲ್ಲೇ ಉಳಿದು ಪಾರ್ಸಿಪನಿಯ ಯಾವುದೋ ಕಂಪೆನಿಯ ಫೋನಿಗೆ ಕಾಯುತ್ತಿದ್ದರು. ನಾವಿಬ್ಬರೇ ಒಳಗೆ ಹೋದೆವು.

ಅದೊಂದು ಶಾಲೆಯ ಜಿಮ್. ಮೇಲೆ ಬ್ಯಾಸ್ಕೆಟ್‌ಬಾಲ್ ಬಲೆ, ಕೆಳಗೆ ಎರಡು ಮೇಜು. ಪೊಲೀಸರಿಲ್ಲ, ಸಾಲಿಲ್ಲ, ಸುಣ್ಣದ ಗೆರೆಯಿಲ್ಲ. ಚುನಾವಣಾ ಸಿಬ್ಬಂದಿಯೆಂದರೆ ವಯಸ್ಸಾದ ನಾಲ್ವರು. ಒಬ್ಬಾಕೆ ಸ್ವೆಟರ್ ಹೆಣೆಯುತ್ತಿದ್ದರು. ಮೇಜಿನ ಮೇಲೆ ಡೋನಟ್ ತಟ್ಟೆ. ಬೆರಳಿಗೆ ಹಚ್ಚುವ ಶಾಯಿಯನ್ನು ಹುಡುಕಿದೆ, ಮೈಸೂರಿನಲ್ಲೇ ತಯಾರಾಗುವ ಶಾಯಿ, ದೇಶಕ್ಕೆಲ್ಲ ಹೋಗುತ್ತದೆ. ಇಲ್ಲಿ ಇಲ್ಲ. ನನ್ನನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಲು ಹೇಳಿದರು.

ಹೆಣಿಗೆಯಾಕೆ ದೊಡ್ಡ ಪುಸ್ತಕ ತೆರೆದು ಹೆಸರು ಹುಡುಕಿದರು. ಸಿಕ್ಕಿತು. ಪುಸ್ತಕ ತಿರುಗಿಸಿ ಪೆನ್ನು ಕೊಟ್ಟರು. ಮಿಸ್ ಅರ್ನೆಸ್ಟೀನ್ ಬಲಗೈಯ ಗವಸನ್ನು ಬೆರಳು ಬೆರಳಾಗಿ ಬಿಚ್ಚಿದರು.

ಆಗ ಪಕ್ಕದ ಮೇಜಿನ ಬಿಳಿಯ ಮುದುಕ ತಲೆಯೆತ್ತಿದ. "ಅರ್ನೆಸ್ಟೀನ್! ನೀನು ಊರು ಬಿಟ್ಟೆ ಅಂದ್ಕೊಂಡಿದ್ವಲ್ಲ. ಮನೆ ಖಾಲಿ ಬಿದ್ದಿದೆ."

"ಇಲ್ಲೇ ಇದ್ದೀನಲ್ಲ ವಾಲ್ಟ್. ನಿನ್ನ ಮುಂದೆ ನಿಂತಿದ್ದೀನಿ."

"ಅದು ಸರಿ, ಅದು ಸರಿ." ವಾಲ್ಟ್ ಎಂಬಾತ ನಗುತ್ತಲೇ ಇದ್ದ. "ನನಗೇನೂ ಇಲ್ಲಪ್ಪ. ಆದ್ರೆ ನಿಯಮ ಅಂತ ಒಂದಿದೆ ನೋಡು. ಅಲ್ಲಿ ವಾಸ ಇಲ್ಲ ಅಂದ್ರೆ..."

ಹೆಣಿಗೆಯಾಕೆ ಇಬ್ಬರನ್ನೂ ನೋಡಿ ಮುಜುಗರಪಟ್ಟರು. "ಕೇಳಲೇಬೇಕಲ್ಲ, ಡಿಯರ್. ನೀವೀಗಲೂ ಆ ವಿಳಾಸದಲ್ಲೇ ಇದ್ದೀರಾ?"

ಮಿಸ್ ಅರ್ನೆಸ್ಟೀನ್ ಪುಸ್ತಕದಲ್ಲಿದ್ದ ತಮ್ಮ ಹೆಸರನ್ನೇ ನೋಡುತ್ತಿದ್ದರು. ಪೆನ್ನು ಕೈಯಲ್ಲೇ ಇತ್ತು.

ನಾನು ಕೂತಿರಬೇಕಿತ್ತು. ಆದರೆ ಏಜೆಂಟನೊಬ್ಬ ಹಿಂದಿನ ಬೆಂಚಿನಿಂದ ಈಕೆ ನಮ್ಮೂರವಳಲ್ಲ ಎಂದು ಕೂಗುವುದು, ನಾನು ದಾಖಲೆ ತರಿಸಿ ಅವನ ಬಾಯಿ ಮುಚ್ಚಿಸುವುದು, ಇದು ನನಗೆ ಎಷ್ಟು ರೂಢಿಯೆಂದರೆ ಕಾಲು ತಾನಾಗಿಯೇ ಎದ್ದಿತು. ಕೈಚೀಲದಿಂದ ಗ್ಯಾಸ್ ಬಿಲ್ಲು ತೆಗೆದು ಮೇಜಿನ ಮೇಲಿಟ್ಟೆ. "ಇವರು ಅಸಲಿ ಮತದಾರರು. ಇದೇ ಊರಿನವರು. ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ನೋಡಿ, ಪುರಾವೆ."

ನಮ್ಮಲ್ಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಇಲ್ಲಿಯೂ ಮುಗಿಯಿತು. ಹೆಣಿಗೆಯಾಕೆಯ ಮುಖ ಹಗುರಾಯಿತು. "ಓ, ಹಾಗಾದ್ರೆ ನೀವು ಈ ವಿಳಾಸಕ್ಕೆ ಸೇರಿದ ಆ ಇನ್ನೊಂದು ಶಾಲೆಗೆ ಹೋಗ್ಬೇಕು ಡಿಯರ್. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಲ್ಲಿ ಪ್ರಾವಿಷನಲ್ ಬ್ಯಾಲೆಟ್ ಅಂತ ಕೊಡ್ತಾರೆ, ಕವರಿನಲ್ಲಿ ಹಾಕಿ ಕೊಡೋದು" ಎಂದು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ವಾಲ್ಟ್ ತಲೆಯಾಡಿಸಿ ಇನ್ನೊಂದು ಡೋನಟ್ ತೆಗೆದುಕೊಂಡ.

ಮಿಸ್ ಅರ್ನೆಸ್ಟೀನ್ ಪೆನ್ನು ಕೆಳಗಿಟ್ಟರು.

ದಾರಿಯಲ್ಲಿ

ಕಾರಿನಲ್ಲಿ ನಾನು ಹಿಂದೆ, ಅವರು ಮುಂದೆ. ಏನಾಯಿತು ಎಂದು ಮೂರ್ತಿಯವರು ಕಣ್ಣಲ್ಲೇ ಕೇಳಿದರು. ನಾನು ಕಿಟಕಿ ನೋಡಿದೆ. ದಾರಿಯ ಎರಡೂ ಬದಿ ಮ್ಯಾಗ್ನೋಲಿಯಾ ಮರಗಳು ಎಲೆಯೇ ಇಲ್ಲದೆ ಬರೀ ಹೂ ಬಿಟ್ಟು ನಿಂತಿದ್ದವು.

"ನಮ್ಮಪ್ಪ ಪ್ರತಿ ಸಲ ಹೋಗ್ತಿದ್ದ" ಎಂದು ಮಿಸ್ ಅರ್ನೆಸ್ಟೀನ್ ಮುಂದೆಯೇ ನೋಡುತ್ತ ಹೇಳಿದರು. "ಸೂಟು ಹಾಕ್ಕೊಂಡು. ಕೇಳಿದ ಕಾಗದ ಎಲ್ಲ ಜೇಬಲ್ಲಿಟ್ಕೊಂಡು. ತೆರಿಗೆ ಕಟ್ಟಿದ ರಸೀದಿ ತೋರಿಸಿದ್ರೆ, ಇನ್ನೊಂದು ಕಾಗದ ಎಲ್ಲಿ ಅನ್ನೋರು. ಮುಂದಿನ ಸಲ ಅದನ್ನ ತಂದ್ರೆ ಮತ್ತೊಂದು. ಅವನ ಹತ್ರ ಇಲ್ಲದ ಕಾಗದವೇ ಅವರಿಗೆ ಬೇಕಿತ್ತು, ಯಾವಾಗ್ಲೂ." ಬಿಚ್ಚಿದ್ದ ಗವಸನ್ನು ಮತ್ತೆ ಹಾಕಿಕೊಳ್ಳುತ್ತ, "ಆದ್ರೆ ನಮ್ಮ ಕಡೆಯವರೇ ಕಾಗದ ತಂದು ಅವರ ಕೈಗೆ ಕೊಟ್ಟಿದ್ದನ್ನ ನಾನು ಇವತ್ತೇ ನೋಡಿದ್ದು ಟೀಚರ್."

ನಿಯಮದ ಪ್ರಕಾರ ನೋಡಿದರೆ ಹೆಣಿಗೆಯಾಕೆ ಹೇಳಿದ್ದು ಸರಿಯೇ ಇರಬೇಕು. ನಮ್ಮಲ್ಲಿಯೂ ಹೆಸರಿರುವ ಕಡೆ, ವಾಸವಿರುವ ಕಡೆ ಎಂದು ನಾನೇ ಎಷ್ಟೋ ಜನರನ್ನು ವಾಪಸು ಕಳಿಸಿದ್ದೇನೆ. ಆದರೆ ಆ ಕಾರಿನಲ್ಲಿ ಅದನ್ನು ಹೇಳುವಂತಿರಲಿಲ್ಲ. "ತಪ್ಪಾಯ್ತು" ಅಂದೆ.

"ಇನ್ನು ಸಾಕು. ವಾಪಸು ಕರ್ಕೊಂಡು ಹೋಗು, ಮಿಸ್ಟರ್ ಮೂರ್ತಿ."

ವಾಪಸು ಬರುವ ದಾರಿ ಅವರ ಹಳೆಯ ಬೀದಿಯ ಮೇಲೇ ಹಾಯುತ್ತಿತ್ತು. ಒಂದು ಕಡೆ "ನಿಲ್ಸು" ಅಂದರು. ಹಸಿರು ಬಾಗಿಲಿನ ಚಿಕ್ಕ ಮನೆ, ಕಿಟಕಿಗೆ ಹಲಗೆ ಹೊಡೆದಿತ್ತು, ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಆ ಹುಲ್ಲಿನ ನಡುವೆ ಯಾರೋ ಒಂದು ಬೋರ್ಡು ನೆಟ್ಟಿದ್ದರು: "ತೆರಿಗೆದಾರರೇ, ಇಲ್ಲ ಅನ್ನಿ."

ಅವರು ಕಾರಿನಿಂದಿಳಿದರು. ಮಂಡಿನೋವಿನ ಹೆಂಗಸು ಆ ಹುಲ್ಲಿನೊಳಗೆ ಹೆಜ್ಜೆ ಹಾಕುವುದನ್ನು ನೋಡಿ ನಾನೂ ಇಳಿಯಹೋದೆ. ಕೈಯೆತ್ತಿ ತಡೆದರು. ಬಿಳಿ ಗವಸಿನ ಎರಡೂ ಕೈಯಲ್ಲಿ ಬೋರ್ಡನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು. ಪಕ್ಕದ್ದು ಅಚ್ಚುಕಟ್ಟಾಗಿ ಕತ್ತರಿಸಿದ ಹುಲ್ಲಿನ ಮನೆ, ಅಲ್ಲಿಯೂ ಅದೇ ಬೋರ್ಡು. ಅದರ ಮಗ್ಗುಲಲ್ಲಿ ಇದನ್ನೂ ಚುಚ್ಚಿ, ಗವಸಿನ ಮಣ್ಣು ಕೊಡವಿಕೊಂಡು ಬಂದು ಕೂತರು.

"ವಾಲ್ಟನ ಮನೆ" ಅಂದರು. "ಅವನ ಹೆಂಡತಿ ಸತ್ತಾಗ ವಾರವೆಲ್ಲ ಅವನಿಗೆ ಅಡುಗೆ ಮಾಡಿ ಹಾಕಿದವಳು ನಾನು. ಅವನ ಬೋರ್ಡು ಅವನ ಹತ್ರಾನೇ ಇರ್ಲಿ. ಎಲ್ಲಿದೆ ಆ ಇನ್ನೊಂದು ಶಾಲೆ?"

ಮೂರ್ತಿಯವರು ಗಾಡಿ ತಿರುಗಿಸಿದರು. ಮಿಸ್ ಅರ್ನೆಸ್ಟೀನ್ ನನ್ನ ಕಡೆ ತಿರುಗಿ ಒಂದು ಬೆರಳೆತ್ತಿದರು. "ಒಳಗೆ ನೀನು ಬಾಯಿ ಬಿಡಬಾರದು."

ಎರಡನೇ ಶಾಲೆ

ಅದು ಅನನ್ಯಾ ಓದುವ ಶಾಲೆ, ನಮ್ಮ ಬಿಲ್ಡಿಂಗಿನಿಂದ ಕೂಗಳತೆ. ಮೂರ್ತಿಯವರು ಮರದ ನೆರಳು ನೋಡಿ ಕಾರು ನಿಲ್ಲಿಸಿ ಮತ್ತೆ ಫೋನು ಹಿಡಿದರು. ಮತಗಟ್ಟೆ ಮಕ್ಕಳ ಊಟದ ಹಾಲಿನಲ್ಲಿತ್ತು, ಟೊಮೆಟೊ ಸಾಸಿನ ವಾಸನೆ. ನಾವಲ್ಲದೆ ಇನ್ನೊಬ್ಬ ಮತದಾರನೂ ಇರಲಿಲ್ಲ.

ಮೇಜಿನ ಹಿಂದಿನ ಹೆಂಗಸು ಪುಸ್ತಕ ತೆರೆದು, ನಮ್ಮ ಬಿಲ್ಡಿಂಗಿನ ಪುಟಕ್ಕೆ ಬಂದು, ಹೆಸರಿಲ್ಲವೆಂದು ಕಾಣಲಿ ಅಂತ ಅದನ್ನು ಮಿಸ್ ಅರ್ನೆಸ್ಟೀನರ ಕಡೆ ತಿರುಗಿಸಿದರು. ಅವರು ಕನ್ನಡಕ ಸರಿಮಾಡಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾಗದದ ಮತಪತ್ರ ಬಂತು, ಅದರೊಂದಿಗೆ ಒಂದು ಕವರು. ಕವರಿನ ಮೇಲೆ ಹಳೆಯ ವಿಳಾಸ, ಹೊಸ ವಿಳಾಸ ಎರಡನ್ನೂ ಬರೆದು ಸಹಿ ಮಾಡಬೇಕು.

"ಇದನ್ನ ಎಣಿಸ್ತಾರಾ, ಇಲ್ಲ ಯಾವುದೋ ಡ್ರಾಯರಿಗೆ ಹೋಗುತ್ತಾ?"

"ಪರಿಶೀಲಿಸಿ ಎಣಿಸ್ತಾರೆ, ಮ್ಯಾಮ್. ಈ ನಂಬರಿಗೆ ಫೋನ್ ಮಾಡಿದ್ರೆ ಎಣಿಸಿದ್ರಾ ಇಲ್ವಾ ಅಂತ ಹೇಳ್ತಾರೆ."

ನಮ್ಮಲ್ಲಿ ತಕರಾರಿನ ಮತವನ್ನು ಹೇಗೆ ಬೇರೆ ಕವರಿನಲ್ಲಿಡುತ್ತೇವೆ ಎಂದು ಹೇಳಲು ನಾಲಿಗೆ ತುರಿಸಿತು. ಕಚ್ಚಿಕೊಂಡೆ.

ಹಳೆಯ ವಿಳಾಸವನ್ನು ಅವರು ಒಂದೇ ಗೀರಿಗೆ ಬರೆದರು, ಕೈಗೆ ಅಷ್ಟು ಪಳಗಿದ್ದು. ಕೆಳಗಿನ ಗೆರೆಗೆ ಬಂದಾಗ ಪೆನ್ನು ನಿಂತಿತು. ಗೋಡೆಗೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ನೋಡಿದರು, ಬಿಳಿ ಗವಸನ್ನು ಮಡಿಚಿ ಪಕ್ಕಕ್ಕಿಟ್ಟರು. ಮೇಜಿನವರು ಅವಸರ ಮಾಡಲಿಲ್ಲ.

"ಟೀಚರ್" ಅಂದರು ಕೊನೆಗೆ, ತಲೆಯೆತ್ತದೆ. "ನಮ್ಮ ಬಿಲ್ಡಿಂಗ್ ನಂಬರ್ ಏನು?"

ನಾನು ಸುಮ್ಮನೆ ನಿಂತೆ.

"ಈಗ ಬಾಯಿ ಬಿಡಬಹುದು."

ಹೇಳಿದೆ. ಬರೆದರು. ಪಿನ್‌ಕೋಡು ಕೇಳಿದರು, ಅದನ್ನೂ ಹೇಳಿದೆ. ಒಂದೊಂದೇ ಅಂಕಿಯನ್ನು ಕಾಪಿ ಬರೆಯುವ ಮಗುವಿನಂತೆ ಬಿಡಿಸಿ ಬಿಡಿಸಿ ಬರೆದು ಕೆಳಗೆ ಸಹಿ ಹಾಕಿದರು. ಮತಪತ್ರ ತುಂಬಿ, ಮಡಿಸಿ, ಕವರಿಗೆ ಹಾಕಿ, ಅಂಟನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಗೈಯಿಂದ ಉಜ್ಜಿದರು. ಅದು ಚೀಲದೊಳಕ್ಕೆ ಹೋಗಿ, ಚೀಲದ ಬಾಯಿ ಮುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ.

ಮರುದಿನ ಕೆಳಗಿನಿಂದ ಪೆಟ್ಟಿಗೆಗಳ ಟೇಪು ಕೀಳುವ ಶಬ್ದ ಕೇಳಿಸುತ್ತಿತ್ತು.

ಹೊರಡುವ ಮುನ್ನ

ಬಜೆಟ್ ಬಿದ್ದುಹೋಗಿತ್ತು. ಸಂಗೀತದ ಟೀಚರನ್ನೂ ಲೈಬ್ರರಿಯವರನ್ನೂ ತೆಗೆಯುತ್ತಾರಂತೆ ಎಂದು ಅನನ್ಯಾ ಶಾಲೆಯಿಂದ ಸುದ್ದಿ ತಂದಳು. ಮಿಸ್ ಅರ್ನೆಸ್ಟೀನ್ ಮಾತ್ರ ದಿನವೂ ಆ ನಂಬರಿಗೆ ಫೋನ್ ಮಾಡುತ್ತಲೇ ಇದ್ದರು.

ನನ್ನ ಸೂಟ್‌ಕೇಸ್ ಕಟ್ಟಿದ ದಿನ ಮೇಲೆ ಬಂದು ಬಾಗಿಲು ತಟ್ಟಿದರು. ಮಂಡಿ ನೋವೆಂದು ಅಲ್ಲಿಯವರೆಗೆ ನಮ್ಮ ಮಹಡಿಯ ಮೆಟ್ಟಿಲು ಹತ್ತಿದವರಲ್ಲ. ಏದುಸಿರು ಬಿಡುತ್ತಿದ್ದರು, ಮುಖ ಬೆಳಗುತ್ತಿತ್ತು.

"ಎಣಿಸಿದ್ದಾರೆ! ಈಗಷ್ಟೇ ಹೇಳಿದ್ರು."

ಸುಧಾ ಓಡಿಬಂದು, "ಹಾಗಾದ್ರೆ ಗೆದ್ರಾ?" ಅಂದಳು.

"ಇಲ್ಲಮ್ಮ, ಸೋತ್ವಿ. ಆದ್ರೆ ಎಣಿಸಿ ಸೋಲಿಸಿದ್ದಾರೆ. ನಮ್ಮಪ್ಪನಿಗೆ ಅದೂ ಸಿಕ್ಕಿರ್ಲಿಲ್ಲ."

ನಾನು ಫಿಲ್ಟರ್ ಕಾಫಿ ಕೊಟ್ಟೆ. ಲೋಟ, ಬಟ್ಟಲು ಎರಡನ್ನೂ ತಿರುವಿ ನೋಡಿ, ಯಾವುದರಲ್ಲಿ ಕುಡಿಯುವುದು ಎಂದು ಕೇಳಿ, ಕೊನೆಗೆ ಬಟ್ಟಲಿನಲ್ಲೇ ಕುಡಿದರು. ಮೂರ್ತಿಯವರೂ ಬಂದು ಕೂತರು. ಪಾರ್ಸಿಪನಿಯ ಕಂಪೆನಿ ಇಂಟರ್‌ವ್ಯೂಗೆ ಕರೆದಿತ್ತು, ಖುಷಿಯಲ್ಲಿದ್ದರು. ಮಿಸ್ ಅರ್ನೆಸ್ಟೀನ್ ಅವರಿಗೆ ಅಭಿನಂದನೆ ಹೇಳಿದರು. ಆಮೇಲೆ ಅದೇ ದನಿಯಲ್ಲಿ ಕೇಳಿದರು:

"ನೀವಿಬ್ಬರೂ ಸಿಟಿಜನ್ಸ್, ಅಲ್ವಾ?"

"ಹೌದು ಮ್ಯಾಮ್. ಎರಡು ವರ್ಷ ಆಯ್ತು."

"ಗೊತ್ತು. ಆ ಎರಡನೇ ಶಾಲೆಯಲ್ಲಿ ಪುಸ್ತಕ ನನ್ನ ಕಡೆ ತಿರುಗಿಸಿದ್ರಲ್ಲ, ಅದರಲ್ಲಿ ನನ್ನ ಹೆಸರಿರ್ಲಿಲ್ಲ. ನಿನ್ನದಿತ್ತು. ಅದರ ಕೆಳಗೆ ಸುಧಾಳದು. ಎರಡರ ಮುಂದೂ ಸಹಿ ಮಾಡೋ ಜಾಗ ಖಾಲಿ."

ಮೂರ್ತಿಯವರು ಲೋಟದೊಳಗೆ ನೋಡಿದರು. "ಸ್ಕೂಲ್ ಬಜೆಟ್ ಅಲ್ವಾ ಮ್ಯಾಮ್... ನಾನು ಅಷ್ಟು ಫಾಲೋ ಮಾಡಿರಲಿಲ್ಲ. ಇಂಟರ್‌ವ್ಯೂ ಕಾಲ್ ಬೇರೆ ಬರೋದಿತ್ತು."

"ನಂಗೆ ಆಪರೇಷನ್ ಆಗಿತ್ತು" ಎಂದು ಸುಧಾ ಸಣ್ಣಗೆ ಅಂದಳು. ವೋಟಿನ ದಿನಕ್ಕೆ ವಾರ ಮುಂಚೆಯೇ ಬೆಲ್‌ರೋಸ್‌ಗೆ ಹೋಗಿ ದೋಸೆ ತಿಂದು ಬಂದದ್ದು ಅವಳಿಗೂ ನೆನಪಾಗಿರಬೇಕು, ನನ್ನ ಸೂಟ್‌ಕೇಸಿನ ಜಿಪ್ಪನ್ನು ಮತ್ತೊಮ್ಮೆ ಎಳೆದು ನೋಡಿದಳು.

ವೋಟಿಲ್ಲದ ನಾನು ಎರಡೂ ಶಾಲೆಯ ಒಳಗೆ ಹೋಗಿ ಬಂದಿದ್ದೆ. ವೋಟಿದ್ದ ಮನುಷ್ಯನನ್ನು ಮಗಳ ಶಾಲೆಯ ಬಾಗಿಲಲ್ಲಿ, ಮರದ ನೆರಳಿನಲ್ಲಿ ಬಿಟ್ಟು ಹೋಗಿದ್ದೆ. ನೀವೂ ಬನ್ನಿ ಎಂದು ಕರೆಯುವುದು ನನಗೂ ಹೊಳೆದಿರಲಿಲ್ಲ.

ಮಿಸ್ ಅರ್ನೆಸ್ಟೀನ್ ಬಟ್ಟಲಿನ ಕೊನೆಯ ಗುಟುಕು ಮುಗಿಸಿ, ಮೇಜು ಹಿಡಿದು ಮೆಲ್ಲಗೆ ಎದ್ದರು. ಮೂರ್ತಿಯವರು ಬಾಗಿಲು ತೆಗೆಯಲು ಮುಂದೆ ಹೋದರು. ಮಿಸ್ ಅರ್ನೆಸ್ಟೀನ್ ಹೊಸ್ತಿಲಲ್ಲಿ ನಿಂತು ಮೂರ್ತಿಯವರ ಭುಜ ತಟ್ಟಿದರು.

"ಮುಂದಿನ ಏಪ್ರಿಲ್‌ಗೂ ನೀನೇ ನನ್ನನ್ನ ಕರ್ಕೊಂಡು ಹೋಗು, ಮಿಸ್ಟರ್ ಮೂರ್ತಿ. ಚೆನ್ನಾಗಿ ಡ್ರೈವ್ ಮಾಡ್ತೀಯ. ಆದ್ರೆ ಪಾರ್ಕ್ ಮಾಡಿ ಇಳಿ."